ಏರ್ ಬೆಡ್ಡು, ಬಾಡಿಗೆ ಕಾಟು: ಮೂರು ತಿಂಗಳು ಬಳಸಿದ್ಮೇಲೆ ಬರೀತಿದೀನಿ

ನನ್ ಹೆಂಡ್ತಿಗೆ ಸ್ಟ್ರೋಕ್ ಆಗಿ ಎಡಗಡೆ ಕೈಕಾಲು ಸ್ವಾಧೀನ ತಪ್ತು, ಮಾತು ಉಳೀತು ಅದೇ ಪುಣ್ಯ. ಡಿಸ್ಚಾರ್ಜ್ ದಿನ ಒಬ್ಬ ನರ್ಸಮ್ಮ ನನ್ನ ಪಕ್ಕಕ್ಕೆ ಕರ್ದು, ಅಂಕಲ್ ಬೆನ್ನು ದಿನಾ ನೋಡಿ, ಮಲಗೇ ಇದ್ದು ಹುಣ್ಣಾದ್ರೆ ವಾಸಿ ಮಾಡೋದು ಬಹಳ ಕಷ್ಟ, ಇವತ್ತೇ ಏರ್ ಬೆಡ್, ಅಂದ್ರೆ ಪಂಪಲ್ಲಿ ಗಾಳಿ ತುಂಬೋ ಹಾಸಿಗೆ, ತಗೊಳ್ಳಿ ಅಂದ್ರು. ಆ ಹುಡ್ಗಿ ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ.

ಹಾಸನದಲ್ಲೇ ಒಂದು ಸರ್ಜಿಕಲ್ ಅಂಗಡೀಲಿ ಆಸ್ಪತ್ರೆ ಥರದ ಕಾಟು ಬಾಡಿಗೆಗೆ ತಂದೆ, ತಿಂಗಳಿಗೆ 2,500, ಅಡ್ವಾನ್ಸ್ ಬೇರೆ. ಎರಡು ಹ್ಯಾಂಡಲ್ ಇರೋದು, ಒಂದು ತಲೆ ಕಡೆ ಎತ್ತೋಕೆ, ಇನ್ನೊಂದು ಮಂಡಿ ಕಡೆ. ಮೊದಲು ಕಳಿಸಿದ ಕಾಟಲ್ಲಿ ತಲೆ ಕಡೆ ಹ್ಯಾಂಡಲ್ ತಿರುಗ್ತಾನೇ ಇರ್ಲಿಲ್ಲ, ಮೂಗಿನ ಟ್ಯೂಬಲ್ಲಿ ಊಟ ಕೊಡೋವಾಗ ತಲೆ ಎತ್ತರ ಇರ್ಲೇಬೇಕು, ಕೊಟ್ಟಾದ್ಮೇಲೂ ಅರ್ಧ ಮುಕ್ಕಾಲು ಗಂಟೆ ಹಾಗೇ ಇರ್ಬೇಕು, ಇಲ್ದಿದ್ರೆ ಶ್ವಾಸಕೋಶಕ್ಕೆ ಹೋಗತ್ತೆ, ಅಂಥಾದ್ರಲ್ಲಿ ಎರಡು ದಿನ ದಿಂಬು ಪೇರಿಸಿ ಪೇರಿಸಿ ಒದ್ದಾಡಿದೀನಿ. ಆಮೇಲೆ ಬದಲಾಯಿಸಿ ಕೊಟ್ರು. ನೀವು ಮಾತ್ರ ಕಾಟು ಗಾಡಿಯಿಂದ ಇಳಿಸ್ತಿದ್ದಂಗೇ ಎರಡೂ ಹ್ಯಾಂಡಲ್ ಪೂರ್ತಿ ತಿರುಗಿಸಿ, ಚಕ್ರದ ಲಾಕ್ ಒತ್ತಿ ನೋಡಿ, ಆಮೇಲೆ ದುಡ್ಡು ಕೊಡಿ.

ಏರ್ ಬೆಡ್ ಮಾತ್ರ ಹೊಸದೇ ತಗೊಂಡೆ. ಎರಡು ಥರ ಬರತ್ತೆ. ಗುಳ್ಳೆ ಗುಳ್ಳೆ ಇರೋದು ಕಮ್ಮಿ ರೇಟು, ಅಡ್ಡಡ್ಡ ಉದ್ದ ಟ್ಯೂಬ್ ಜೋಡಿಸಿರೋದು ಜಾಸ್ತಿ ರೇಟು, ಆದ್ರೆ ಒಂದು ಟ್ಯೂಬ್ ತೂತಾದ್ರೆ ಅದೊಂದನ್ನೇ ಬದಲಾಯಿಸ್ಬಹುದು. ನಾನು ಗುಳ್ಳೇದೇ ತಂದೆ, ನಮಗೆ ಸಾಕಾಯ್ತು. ಸ್ವಲ್ಪ ಹೊತ್ತು ಒಂದು ಸಾಲು ಉಬ್ಬತ್ತೆ, ಆಮೇಲೆ ಅದು ಇಳ್ದು ಪಕ್ಕದ ಸಾಲು ಉಬ್ಬತ್ತೆ, ಹಾಗಾಗಿ ಒಂದೇ ಜಾಗಕ್ಕೆ ಭಾರ ಬೀಳಲ್ಲ. ಮೊದಲ ರಾತ್ರಿ ಅವಳು, ರೀ ತೆಪ್ಪದಲ್ಲಿ ಮಲಗ್ದಂಗಿದೆ ಕಣ್ರೀ ಅಂತ ಹೆದರ್ಕೊಂಡ್ಳು, ನಾಲ್ಕು ದಿನದಲ್ಲಿ ಅಭ್ಯಾಸ ಆಯ್ತು. ಪಂಪ್ ಸದ್ದು ಫ್ರಿಜ್ಜಿನಷ್ಟೇ. ಅದು ಎಳೆಯೋ ಕರೆಂಟ್ ಬಹಳ ಕಮ್ಮಿ, ಇನ್ವರ್ಟರ್ ಲೈನಿಗೇ ಹಾಕಿ, ಯಾಕಂದ್ರೆ ಪಂಪ್ ನಿಂತ್ರೆ ಗಾಳಿ ಇಳಿಯತ್ತೆ.

ಗಾಳಿ ಸರಿಯಿದ್ಯಾ ಅಂತ ನೋಡೋಕೆ ಫಿಸಿಯೋದವ್ರು ಹೇಳ್ಕೊಟ್ಟಿದ್ದು ಇದು: ಏರ್ ಬೆಡ್ ಕೆಳಗೆ, ಮಲಗಿರೋರ ಸೊಂಟ ಇರೋ ಜಾಗಕ್ಕೆ ಅಂಗೈ ತೂರಿಸಿ, ಮೂಳೆ ಕೈಗೆ ತಗುಲಿದ್ರೆ ಗಾಳಿ ಕಮ್ಮಿಯಿದೆ ಅಂತ, ಪಂಪಿನ ಗುಂಡಿ ಸ್ವಲ್ಪ ತಿರುಗಿಸ್ಬೇಕು. ಮೇಲೆ ಒಂದೇ ಒಂದು ತೆಳು ಕಾಟನ್ ಬೆಡ್‌ಶೀಟ್ ಸಾಕು. ನಮ್ಮತ್ತಿಗೆ ಪ್ರೀತಿಯಿಂದ ಕೌದಿ ಮಡಚಿ ಹಾಕಿದ್ರು, ತೆಗೆಸ್ದೆ, ದಪ್ಪ ಹಾಕಿದ್ರೆ ಏರ್ ಬೆಡ್ ಹಾಕಿದ್ದೇ ದಂಡ.

ಅಂಗಡಿಯವ್ರು ಇದು ಹಾಕಿದ್ರೆ ಮಗ್ಗಲು ಬದಲಾಯಿಸೋದೇ ಬೇಡ ಸಾರ್ ಅಂದಿದ್ರು, ಆ ಮಾತು ದಯವಿಟ್ಟು ನಂಬ್ಬೇಡಿ. ಎರಡು ಗಂಟೆಗೊಂದ್ಸಲ ತಿರುಗಿಸ್ಲೇಬೇಕು, ನಾನು ರಾತ್ರಿನೂ ಅಲಾರಂ ಇಟ್ಕೊಂಡು ಎದ್ದಿದೀನಿ. ತಿರುಗಿಸೋವಾಗ ಬಿದ್ದಿರೋ ಕೈ ಹಿಡಿದು ಎಳೀಬಾರ್ದು, ಭುಜ ಜಾರತ್ತೆ, ಭುಜದ ಹಿಂದೆ ಸೊಂಟದ ಹಿಂದೆ ಕೈ ಕೊಟ್ಟು ಒಟ್ಟಿಗೇ ಹೊರಳಿಸ್ಬೇಕು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಗಾಳೀಲಿರೋ ಹಾಗೆ ಮಾಡಿ. ನನಗೆ ಒಂದಿನ ಅವಳ ಹಿಮ್ಮಡೀಲೇ ಕೆಂಪು ಕಾಣಿಸ್ತು, ಬೆರಳಲ್ಲಿ ಒತ್ತಿದ್ರೂ ಬಣ್ಣ ಬದಲಾಗ್ಲಿಲ್ಲ, ಹುಣ್ಣಾಗೋ ಸೂಚನೆ ಅದು, ಎದೆ ಧಸಕ್ಕಂತು. ಆ ಜಾಗ ಉಜ್ಜಬಾರ್ದಂತೆ, ಭಾರ ತಪ್ಪಿಸ್ಬೇಕು ಅಷ್ಟೇ. ಮೂರ್ನಾಲ್ಕು ದಿನದಲ್ಲಿ ಹೋಯ್ತು.

ಇನ್ನೊಂದು ಯಾರೂ ಹೇಳಲ್ಲ, ಜಡೆ. ಹಿಂದೆ ಒಂದೇ ಜಡೆ ಹಾಕಿದ್ರೆ ಅದು ತಲೆ ಕೆಳಗೆ ಒತ್ತತ್ತೆ, ಕೂದ್ಲು ಗಂಟಾಗತ್ತೆ. ಅಕ್ಕಪಕ್ಕ ಎರಡು ಜಡೆ ಹಾಕೋದು ಅರವತ್ತನಾಲ್ಕನೇ ವಯಸ್ಸಲ್ಲಿ ಕಲಿತೆ, ಅವಳೇ ಮಲಗಿದ್ಕಡೆಯಿಂದ ಹೇಳ್ಕೊಟ್ಳು.

ಈಗ ವಾಕರ್ ಹಿಡ್ದು ಜಗುಲಿವರೆಗೂ ಬರ್ತಾಳೆ, ಬೆನ್ನಲ್ಲಿ ಒಂದು ಹುಣ್ಣೂ ಇಲ್ಲ. ಏರ್ ಬೆಡ್ಡಿಗೆ ಐದಕ್ಕೆ ಐದು, ಕಾಟಿಗೆ ಮೂರು ಕೊಡ್ತೀನಿ. ಕಾಟು ಮುಂದಿನ ವಾರ ವಾಪಸ್ ಕೊಡ್ತಿದೀನಿ, ಏರ್ ಬೆಡ್ ಪಂಪ್ ನಮ್ಮನೇಲೇ ಇದೆ, ಚೆನ್ನಾಗಿದೆ, ಹಾಸನದ ಸುತ್ತಮುತ್ತ ಯಾರಿಗಾದ್ರೂ ಅಗತ್ಯ ಇದ್ರೆ ಕೇಳಿ, ದುಡ್ಡು ಬೇಡ, ಹಾಸಿಗೆ ಮಾತ್ರ ನೀವು ಹೊಸದು ತಗೊಳ್ಳಿ.