ಬೇಸಿಗೆ ಚೀನೀ ಭಾಷಾ ಶಿಬಿರ: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಚೀನಾಕ್ಕೆ ಕಳಿಸಿ ಅಲ್ಲಿನ ಭಾಷೆ ಕಲಿಸೋಣ ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೆ ಈ ಬರಹ. ನಾವಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಎಷ್ಟೋ ಹೈಸ್ಕೂಲುಗಳಲ್ಲಿ ಸ್ಪ್ಯಾನಿಷ್, ಫ್ರೆಂಚ್ ಜೊತೆಗೆ ಮ್ಯಾಂಡರಿನ್ ಕೂಡ ತಗೊಳ್ಳಬಹುದು. ಮಗಳು ಅದನ್ನೇ ತಗೊಂಡಳು. (ಹಾಸನದಲ್ಲಿರುವ ಅವಳ ಅಜ್ಜಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ‘ಕನ್ನಡ ಓದೋಕೆ ಬರಲ್ಲ, ಚೀನಾದ್ದು ಯಾಕೆ ಬೇಕಿತ್ತು ಇವಳಿಗೆ’ ಅಂತ ಫೋನ್ ಮಾಡಿದಾಗೆಲ್ಲ ಕೇಳುತ್ತಾರೆ.)

ಹೋದ ಬೇಸಿಗೆಯಲ್ಲಿ ಅವಳನ್ನು ಬೀಜಿಂಗ್‌ನ ಒಂದು ಶಿಬಿರಕ್ಕೆ ಕಳಿಸಿದೆವು. ವಿಮಾನದ ಟಿಕೆಟ್ ಬಿಟ್ಟು 6,000 ಡಾಲರ್‌ಗಿಂತ ಜಾಸ್ತಿ. ಕಂಪನಿಯ ಹೆಸರು ಹಾಕುತ್ತಿಲ್ಲ. ಒಬ್ಬರ ಹೆಸರು ಗೊತ್ತಾದರೆ ಇನ್ನೊಬ್ಬರ ಹತ್ತಿರ ಹೋಗಿ ಬೀಳುತ್ತೀರಿ, ಇವರ ಕೆಲಸದ ರೀತಿ ಗೊತ್ತಿದ್ದರೆ ಬಚಾವಾಗುತ್ತೀರಿ.

ಜಾಹೀರಾತಿನಲ್ಲಿ ಇದ್ದದ್ದು, ಬೆಳಗ್ಗೆಯಿಂದ ರಾತ್ರಿವರೆಗೆ ಬರೀ ಚೀನೀ ಭಾಷೆ, ಚೀನೀ ಕುಟುಂಬದ ಜೊತೆ ವಾಸ. ನಡೆದದ್ದು, ಬೆಳಗ್ಗೆ ಮೂರು ತಾಸು ಕ್ಲಾಸು, ಆಮೇಲೆ ಇಡೀ ದಿನ ಅಮೆರಿಕದ ಮಕ್ಕಳ ಜೊತೆ ಇಂಗ್ಲಿಷು. ಗುಂಪಿನಲ್ಲಿ ಇದ್ದವರೆಲ್ಲ ಅಮೆರಿಕದವರೇ, ಜೊತೆಗಿದ್ದ ಮೇಲ್ವಿಚಾರಕರೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಹಾಗಿದ್ದಮೇಲೆ ಮಕ್ಕಳು ಇನ್ನೇನು ಮಾಡುತ್ತವೆ ಹೇಳಿ.

ಕ್ಲಾಸಿನ ಕಥೆ ಕೇಳಿ. ಹೋಗುವ ಮುಂಚೆ ಆನ್‌ಲೈನ್‌ನಲ್ಲಿ ಒಂದು ಪರೀಕ್ಷೆ ಕೊಟ್ಟಿದ್ದರು. ಅದನ್ನು ನೋಡಿಕೊಂಡು ಮಕ್ಕಳನ್ನು ಬೇರೆ ಬೇರೆ ಹಂತಕ್ಕೆ ಹಾಕುತ್ತೇವೆ ಅಂದಿದ್ದರು. ಅಲ್ಲಿ ಹೋದಮೇಲೆ ಎಲ್ಲರೂ ಒಂದೇ ಕೋಣೆಯಲ್ಲಿ. ಅರ್ಧ ಜನ ಚೀನೀ ಮನೆತನದ ಮಕ್ಕಳು. ಇಲ್ಲಿ ಹುಟ್ಟಿದ ನಮ್ಮ ಕನ್ನಡ ಮಕ್ಕಳ ಥರಾನೇ ಅವರೂ, ಮಾತು ಸರಾಗ, ಅಕ್ಷರ ಬರಲ್ಲ. ನಮ್ಮವಳದು ಅದಕ್ಕೆ ಉಲ್ಟಾ. ಸ್ಕೂಲಿನಲ್ಲಿ ಕಲಿತ ಅಕ್ಷರಗಳನ್ನು ಗುರುತಿಸುತ್ತಾಳೆ, ಮಾತು ತಡವರಿಸುತ್ತೆ. ಇನ್ನು ಕೆಲವರಿಗೆ ಚೀನೀ ಪದಗಳ ಅರ್ಥವನ್ನೇ ಬದಲಿಸುವ ದನಿಯ ನಾಲ್ಕು ಏರಿಳಿತಗಳ (ಟೋನ್) ವ್ಯತ್ಯಾಸವೇ ಗೊತ್ತಿರಲಿಲ್ಲ. ಪಾಪ ಟೀಚರ್ ಒಳ್ಳೆಯವರೇ, ಆದರೆ ಇವರನ್ನೆಲ್ಲ ಒಟ್ಟಿಗೆ ಕೂರಿಸಿ ಏನು ಕಲಿಸೋಕಾಗುತ್ತೆ? ಒಂದರಿಂದ ನೂರರವರೆಗೆ ಎಣಿಸುವುದು, ಮನೆಯವರ ಪರಿಚಯ, ಹವಾಮಾನ. ನಮ್ಮವಳು ಎಚ್‌ಎಸ್‌ಕೆ ಅನ್ನುವ, ಚೀನೀ ಕಲಿಯುವ ವಿದೇಶಿಯರ ಪರೀಕ್ಷೆಯ ಎರಡನೇ ಹಂತ ಮುಗಿಸಿದ್ದಳು. ಹಳೆ ಪಠ್ಯದಲ್ಲಿ ಅದಕ್ಕೆ 300 ಪದ ಬರಬೇಕು, ಮೂರನೇ ಹಂತಕ್ಕೆ 600. ಆ ಮೂರನೇ ಹಂತಕ್ಕೆ ತಯಾರಾಗೋಕೇ ಅವಳು ಹೋಗಿದ್ದು. ವಾಪಸು ತಂದ ನೋಟ್‌ಬುಕ್‌ನಲ್ಲಿ ಪುಟಗಟ್ಟಲೆ ಒಂದೇ ಅಕ್ಷರ ತಿದ್ದಿದ್ದಾಳೆ, ಅದೂ ಮೊದಲೇ ಬರುತ್ತಿದ್ದ ಅಕ್ಷರ.

ಕುಟುಂಬದ ಜೊತೆ ವಾಸ ಅನ್ನುವುದು ಹೊರಡುವ ಹೊತ್ತಿಗೆ ‘ಲಭ್ಯತೆಯ ಮೇಲೆ’ ಅಂತಾಯಿತು. ಊರಿನ ಮಧ್ಯದಿಂದ ದೂರ, ಐದನೇ ವರ್ತುಲ ರಸ್ತೆಯ ಆಚೆ ಒಂದು ಹೋಟೆಲ್‌ನಲ್ಲಿ ಇಟ್ಟರು. ಕೇಳಿದರೆ ಪೊಲೀಸ್ ನೋಂದಣಿಯ ನೆಪ. ಚೀನಾದಲ್ಲಿ ವಿದೇಶಿಯರು ಯಾರದಾದರೂ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಬೇಕು ಅನ್ನುವುದು ನಿಜ. ಹೋಟೆಲ್ ಆದರೆ ಆ ಕೆಲಸ ಅವರೇ ಮಾಡುತ್ತಾರೆ. ಆದರೆ ಈ ನಿಯಮ ಅವರಿಗೆ ದುಡ್ಡು ತಗೊಳ್ಳುವಾಗಲೂ ಗೊತ್ತಿತ್ತಲ್ವಾ?

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ‘ಸಂಸ್ಕೃತಿ’ ಅಂತ ಬರೆದಿದ್ದ ಮಧ್ಯಾಹ್ನಗಳ ಬಗ್ಗೆ. ಬಾದಾಲಿಂಗ್‌ನಲ್ಲಿ ಮಹಾಗೋಡೆ ನೋಡುವ ದಿನ ಬಸ್ಸು ಮೊದಲು ನಿಂತಿದ್ದು ಜೇಡ್ ಕಲ್ಲಿನ ಅಂಗಡಿಯಲ್ಲಿ. ಒಬ್ಬಾತ ಯಂತ್ರದ ಮುಂದೆ ಕೂತು ಕಲ್ಲು ಉಜ್ಜಿ ತೋರಿಸಿದ, ಅಷ್ಟೇ ಪ್ರದರ್ಶನ. ಆಮೇಲೆ ಮಕ್ಕಳನ್ನು ಬಳೆ, ಪದಕ ಇಟ್ಟಿದ್ದ ಗಾಜಿನ ಪೆಟ್ಟಿಗೆಗಳ ನಡುವೆ ಬಿಟ್ಟು ಗೈಡ್ ಮಾಯ. ಇನ್ನೊಂದು ದಿನ ರೇಷ್ಮೆ ಹೊದಿಕೆ, ಮತ್ತೊಂದು ದಿನ ಚಹಾ. ಗೋಡೆಯ ಮೇಲೆ ಸಿಕ್ಕ ಸಮಯಕ್ಕಿಂತ ಅಂಗಡಿಯಲ್ಲಿ ಕಳೆದ ಸಮಯವೇ ಜಾಸ್ತಿ. ಅಗ್ಗದ ಪ್ರವಾಸಗಳಲ್ಲಿ ಗೈಡ್‌ಗಳಿಗೆ ಅಂಗಡಿಯಿಂದ ಕಮಿಷನ್ ಸಿಗುವುದು ಹಳೇ ವಿಷಯ. ಹದಿನೈದು ವರ್ಷದ ಮಕ್ಕಳ ಶಿಬಿರಕ್ಕೂ ಅದೇ ದಾರಿ ಹಿಡಿಸಿದ್ದಾರೆ ನೋಡಿ.

ಊಟದ ವಿಷಯ ನಮ್ಮವರಿಗೆ ಬೇಕಾಗುತ್ತೆ. ಅರ್ಜಿಯಲ್ಲಿ ಸಸ್ಯಾಹಾರಿ, ಮೊಟ್ಟೆ ಪರವಾಗಿಲ್ಲ ಅಂತ ಬರೆದಿದ್ದೆವು. ಅದು ಬೀಜಿಂಗ್‌ವರೆಗೆ ತಲುಪಲೇ ಇಲ್ಲ. ಮೊದಲ ರಾತ್ರಿ ಹುರಿದ ಬೀನ್ಸ್ ಬಂತು, ಮೇಲೆ ಕಂದು ಚೂರುಗಳು. ಕರಿದ ಈರುಳ್ಳಿ ಅಂದುಕೊಂಡರೆ ಕೊಚ್ಚಿದ ಹಂದಿ ಮಾಂಸ. ಅಲ್ಲಿ ಆ ಅಡುಗೆ ಮಾಡುವುದೇ ಹಾಗೆ. ಮಾಪೊ ತೋಫು ಅನ್ನುವ ಖಾರದ ಅಡುಗೆ ಕೂಡ ಅಷ್ಟೇ, ತೋಫು (ಸೋಯಾ ಪನೀರ್) ಅಂತ ನಂಬಬೇಡಿ. ಮಗಳು ಬಡಿಸುವವರನ್ನು ತನ್ನ ಚೀನೀ ಭಾಷೆಯಲ್ಲೇ ‘ಇದರಲ್ಲಿ ಮಾಂಸ ಇದೆಯಾ’ ಅಂತ ಕೇಳಿದಳಂತೆ. ‘ಸ್ವಲ್ಪವೇ’ ಅಂತ ಉತ್ತರ. ಇಡೀ ಶಿಬಿರದಲ್ಲಿ ಅವಳು ಅವಶ್ಯಕತೆಗೆ ಅಂತ ಚೀನೀ ಮಾತಾಡಿದ್ದು ಇಂಥ ಊಟದ ಜಗಳದಲ್ಲೇ. ಆಮೇಲೆ ಟೊಮೆಟೊ ಹಾಕಿದ ಮೊಟ್ಟೆ ಮತ್ತು ಅನ್ನ, ದಿನಾ ಅದೇ.

ಫೋನ್ ಬಗ್ಗೆ ಒಂದು ಮಾತು. ಅಲ್ಲಿ ವಾಟ್ಸಾಪ್, ಜೀಮೇಲ್, ಗೂಗಲ್ ನಡೆಯಲ್ಲ. ಹೋಟೆಲ್ ವೈಫೈ ಇದೆ ಅಂತ ಸುಮ್ನೆ ಸಮಾಧಾನ ಹೇಳುತ್ತಾರೆ, ಅದರಿಂದ ಉಪಯೋಗವಿಲ್ಲ. ಇಲ್ಲಿನ ಸಿಮ್‌ನಲ್ಲೇ ರೋಮಿಂಗ್ ಹಾಕಿಸಿದರೆ ಇವೆಲ್ಲ ಸಾಮಾನ್ಯವಾಗಿ ತೆರೆಯುತ್ತವೆ. ಅಲ್ಲಿನವರು ವಾಟ್ಸಾಪ್ ಥರ ಬಳಸುವ ವೀಚಾಟ್‌ನಲ್ಲಿ ಖಾತೆಯನ್ನು ಮನೆಯಲ್ಲಿದ್ದಾಗಲೇ ಮಾಡಿಕೊಳ್ಳಿ, ಹೊಸಬರಿಗೆ ಹಳೇ ಬಳಕೆದಾರರೊಬ್ಬರು ಖಾತ್ರಿ ಕೊಡಬೇಕು ಅಂತ ಕೇಳಬಹುದು.

ವಾಪಸು ಬಂದಮೇಲೆ ದುಡ್ಡು ಕೇಳಿದೆವು. ಅಲ್ಲಿ ನಡೆಸಿದ್ದು ಸ್ಥಳೀಯ ಟ್ರಾವೆಲ್ ಏಜೆನ್ಸಿ, ನಮಗೆ ಸಂಬಂಧವಿಲ್ಲ ಅಂದರು. ಝೆಲ್‌ನಲ್ಲಿ (ಬ್ಯಾಂಕ್ ಖಾತೆಯಿಂದ ನೇರ ದುಡ್ಡು ಕಳಿಸುವ ಸೇವೆ) ಕಟ್ಟಿದರೆ ರಿಯಾಯಿತಿ ಅಂತ ಪುಸಲಾಯಿಸಿದ್ದು ಯಾಕೆ ಅಂತ ಆಗ ತಿಳಿಯಿತು. ಹಾಗೆ ಕಟ್ಟಿದವರಿಗೆ ಒಂದು ಪೈಸೆ ಬಂದಿಲ್ಲ. ನಾವು ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರಿಂದ ಬ್ಯಾಂಕಿನ ಮೂಲಕ ತಕರಾರು ಹಾಕಿ, ಕುಟುಂಬ ವಾಸಕ್ಕೆ ಅಂತ ಬೇರೆಯಾಗಿ ತೋರಿಸಿದ್ದ ಮೊತ್ತ ವಾಪಸು ಸಿಕ್ಕಿತು. ಉಳಿದದ್ದು ಹೋಯಿತು.

ಹಾಗಾಗಿ ಮೊದಲೇ ಕೇಳಿ: ಬೀಜಿಂಗ್‌ನಲ್ಲಿ ಇದನ್ನು ನಡೆಸುವುದು ಯಾರು, ಶಾಲೆಯೋ ಟ್ರಾವೆಲ್ ಏಜೆನ್ಸಿಯೋ? ಯಾವ ವೀಸಾ? 180 ದಿನದೊಳಗಿನ ಓದಿಗೆ ಎಕ್ಸ್2 ಅಂತಿದೆ, ಅದಕ್ಕೆ ಶಾಲೆಯ ಪ್ರವೇಶ ಪತ್ರ ಬೇಕು. ಪ್ರವಾಸಿ ವೀಸಾ ಸಾಕು ಅಂದರೆ ತಪ್ಪೇನಿಲ್ಲ, ಆದರೆ ಪ್ರವಾಸವೇ ಸಿಗಬಹುದು. ಕ್ಲಾಸಿನ ಹೊರಗೆ ಇಂಗ್ಲಿಷ್ ಮಾತಾಡದಂತೆ ಯಾರು ನೋಡಿಕೊಳ್ಳುತ್ತಾರೆ? ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಭಾಷಾ ಶಾಲೆಗಳಲ್ಲಿ ಕಲಿಯುವ ಭಾಷೆ ಬಿಟ್ಟು ಬೇರೆ ಮಾತಾಡಲ್ಲ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ಅಂಥದ್ದೇನಾದರೂ ಇದೆಯಾ? ಬರೀ ಭಾಷೆ ಸಾಕು ಅನ್ನುವವರಿಗೆ ಮಿನ್ನೆಸೋಟದ ಕನ್ಕಾರ್ಡಿಯಾ ಭಾಷಾ ಹಳ್ಳಿಗಳಲ್ಲಿ ಚೀನೀ ಶಿಬಿರವೂ ಇದೆ, ಸೆನ್ ಲಿನ್ ಹು ಅಂತ. ಸಮುದ್ರ ದಾಟುವ ಮುಂಚೆ ಅದನ್ನೂ ವಿಚಾರಿಸಿ. ಯಾರನ್ನೇ ಕೇಳಿದರೂ ಇಮೇಲ್‌ನಲ್ಲೇ ಉತ್ತರ ತಗೊಳ್ಳಿ. ‘ಫೋನ್‌ನಲ್ಲಿ ಮಾತಾಡೋಣ’ ಅಂದವರಿಗೆ ಮುಂಗಡ ಕೊಡಬೇಡಿ.