ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿಗೆ ಸೈಡ್ ಬಾಕ್ಸ್: ಅಲ್ಯೂಮಿನಿಯಂ, ಪ್ಲಾಸ್ಟಿಕ್, ಬಟ್ಟೆ ಬ್ಯಾಗ್ ಮೂರೂ ಹಾಕಿ ನೋಡಿದ್ಮೇಲೆ
ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಪ್ಲಾಸ್ಟಿಕ್ ಬಾಕ್ಸ್‌ಗೆ. ಕೀ ತಿರುಗಿಸಿ ಹಿಡಿ ಎತ್ತಿದ್ರೆ, ಗಾಡಿ ಪಕ್ಕಕ್ಕೆ ಬಿಗಿದಿರೋ ಚೌಕಟ್ಟು, ಅಂದ್ರೆ ರ್‍ಯಾಕ್ ಬಿಟ್ಟು ಪೂರ್ತಿ ಕೈಗೆ ಬರುತ್ತಲ್ಲ, ಇಟಲಿಯ ಗಿವಿ, ಸ್ಪೇನಿನ ಶಾಡ್ ಇವರೆಲ್ಲಾ ಮಾಡ್ತಾರಲ್ಲ, ಆ ಥರದ್ದು. ಯಾರು ಕೇಳಿದ್ರೂ ಇದನ್ನೇ ಹೇಳ್ತೀನಿ. ಬಾಕ್ಸ್ ಗಾಡಿ ಮೇಲೆ ಹೆಂಗೆ ಕಾಣುತ್ತೆ ಅನ್ನೋದು ಆಮೇಲೆ, ಗಾಡಿಯಿಂದ ಹೆಂಗೆ ಬಿಚ್ಕೊಳ್ಳುತ್ತೆ ಅನ್ನೋದನ್ನ ಮೊದಲು ನೋಡಿ.

ನನ್ನ ಗಾಡಿ ಹಿಮಾಲಯನ್ 411, ಅಂದ್ರೆ ಹೊಸ 450 ಮಾಡೆಲ್ ಬರೋಕೆ ಮುಂಚಿನದು. ಓಡಾಟ ಬೆಂಗಳೂರಿಂದ ಮಲೆನಾಡು, ಕರಾವಳಿ ಕಡೆಗೆ ಜಾಸ್ತಿ, ಹಿಂದೆ ಹೆಂಡ್ತಿ ಇರ್ತಾಳೆ, ಮಳೆಗಾಲದಲ್ಲೂ ಬಿಡಲ್ಲ, ಶಿರಾಡಿಯೋ ಚಾರ್ಮಾಡಿಯೋ ಇಳಿದು ಮಂಗಳೂರು, ಅಲ್ಲಿಂದ ಹೆದ್ದಾರಿ 66ರಲ್ಲಿ ಉಡುಪಿ, ಕುಂದಾಪುರ, ಕಾರವಾರ. ಲಡಾಖ್ ಹೋಗೋರ ಲೆಕ್ಕ ಬೇರೆ ಇರಬಹುದು, ನಾನು ಹೇಳೋದೆಲ್ಲಾ ಈ ಥರ ಓಡಾಡೋರಿಗೆ. ಅಲ್ಯೂಮಿನಿಯಂ ಜೋಡಿ ನಾನೇ ದುಡ್ಡು ಕೊಟ್ಟು ಹಾಕಿಸ್ಕೊಂಡಿದ್ದು, ಬಟ್ಟೆ ಬ್ಯಾಗ್ ನಮ್ಮ ಭಾವಂದು, ಪ್ಲಾಸ್ಟಿಕ್ ಜೋಡಿ ಈಗ ಗಾಡಿ ಮೇಲಿರೋದು.

ಲೀಟರ್ ಲೆಕ್ಕ, ಬಣ್ಣ ಇವೆಲ್ಲಾ ಎಲ್ಲಾ ಕಡೆ ಸಿಗುತ್ತೆ, ಬಿಡಿ. ಅಲ್ಯೂಮಿನಿಯಂ ಬಾಕ್ಸಿನ ಒಂದು ವಿಷ್ಯ ಮಾತ್ರ ಯಾವ ವಿಡಿಯೋದಲ್ಲೂ ಸರಿಯಾಗಿ ಹೇಳಲ್ಲ, ಅದನ್ನೇ ವಿವರವಾಗಿ ಹೇಳ್ತೀನಿ. ನಾನು ತಗೊಂಡ ಜೋಡಿಯಲ್ಲಿ ಬಾಕ್ಸನ್ನ ರ್‍ಯಾಕ್‌ಗೆ ಬಿಗಿಯೋ ನಾಬ್‌ಗಳು ಬಾಕ್ಸಿನ ಒಳಗಡೆ ಇದ್ವು. ಹೊರಗಡೆಯಿಂದ ಯಾರೂ ಬಿಚ್ಚೋಕಾಗಲ್ಲ, ಕಳ್ಳರ ಭಯ ಇಲ್ಲ ಅಂತ ಅಂಗಡಿಯಲ್ಲಿ ವಿವರಿಸಿದ್ರು, ಅದು ನಿಜಾನೇ. ಆದ್ರೆ ನಾವು ಬಿಚ್ಚಬೇಕು ಅಂದ್ರೂ ಮುಚ್ಚಳ ತೆಗೆದು, ಒಳಗಿರೋ ಬಟ್ಟೆ, ಟೂಲ್ಸು, ಪಂಪು, ಚಪ್ಪಲಿ ಅಷ್ಟನ್ನೂ ಆಚೆ ಇಟ್ಟು, ತಳದ ತನಕ ಕೈ ಇಳಿಸಿ ತಿರುಗಿಸಬೇಕು, ಅದೂ ಎರಡು ಬಾಕ್ಸಿಗೂ. ಮನೆ ಮುಂದೆ ಶೆಡ್ಡಲ್ಲಿ ಇದೇನು ದೊಡ್ಡ ಕೆಲ್ಸ ಅಲ್ಲ. ಸಂಜೆ ಏಳು ಗಂಟೆಗೆ ಜಡಿಮಳೇಲಿ ಲಾಡ್ಜ್ ಮುಂದೆ ನಿಂತು ಮಾಡಿ ನೋಡಿ, ಮುಚ್ಚಳ ತೆಗೆದ ತಕ್ಷಣ ಒಳಗೆ ನೀರು, ಆಚೆ ಇಟ್ಟ ಬಟ್ಟೆ ಒದ್ದೆ, ರೂಮಿಗೆ ಹೋದ್ಮೇಲೆ ಬೆಳಗ್ಗೆಗೆ ಹಾಕ್ಕೊಳ್ಳೋಕೆ ಒಣಗಿರೋದು ಒಂದೂ ಇಲ್ಲ.

ಬಾಕ್ಸ್ ಗಾಡಿಯಲ್ಲೇ ಬಿಟ್ಟು ಒಳಗೊಂದು ಬ್ಯಾಗ್ ಇಟ್ಕೊಳ್ಳಿ, ಅದನ್ನಷ್ಟೇ ಎತ್ಕೊಂಡು ಹೋಗಿ ಅಂತಾರೆ ಎಲ್ಲರೂ. ಹಂಗೂ ಮಾಡ್ದೆ, ರೂಮಿನ ಮಟ್ಟಿಗೆ ಅದು ಸರಿಹೋಯ್ತು. ಆದ್ರೆ ಪಂಚರ್ ಆದ್ರೆ ಏನ್ಮಾಡ್ತೀರಾ? ಹಿಮಾಲಯನ್ 411ರದು ಸ್ಪೋಕ್ ವೀಲು, ಟ್ಯೂಬ್ ಟೈರು, ಟ್ಯೂಬ್‌ಲೆಸ್ ಟೈರಿನ ಥರ ತೂತಿಗೆ ರಬ್ಬರ್ ಸ್ಟ್ರಿಪ್ ಚುಚ್ಚಿ ಹೊರಡೋ ಹಂಗಿಲ್ಲ, ಹಿಂದಿನ ಚಕ್ರ ಬಿಚ್ಚಲೇಬೇಕು. ಕೊಟ್ಟಿಗೆಹಾರದ ಹತ್ರ ನನಗೆ ಅದೇ ಆಯ್ತು. ಬಾಕ್ಸಿನ ತಳ ಹೆಚ್ಚುಕಡಿಮೆ ಆಕ್ಸಲ್ ತನಕ ಇಳಿದಿತ್ತು, ಪಂಚರ್ ಅಂಗಡಿ ಹುಡುಗನಿಗೆ ಸ್ಪ್ಯಾನರ್ ಆಡಿಸೋಕೆ ಜಾಗ ಇಲ್ಲ. "ಅಣ್ಣಾ, ಈ ಪೆಟ್ಗೆ ತೆಗೀರಿ, ಇಲ್ಲಾಂದ್ರೆ ಕೆಲ್ಸ ಆಗಲ್ಲ" ಅಂದ. ಅವನ ಅಂಗಡಿ ಬೆಂಚಿನ ಮೇಲೆ ಹೆಂಡ್ತಿ ಬಟ್ಟೆ, ನನ್ನ ಬಟ್ಟೆ, ಔಷಧಿ ಡಬ್ಬಿ ಎಲ್ಲಾ ಹರಡಿ, ನಾಬ್ ಬಿಚ್ಚಿ, ಎರಡೂ ಬಾಕ್ಸ್ ಕೆಳಗಿಟ್ಟು, ಆಮೇಲೆ ಕೆಲ್ಸ ಶುರು. ಅವಳಿಗೆ ಎಷ್ಟು ಮುಜುಗರ ಆಯ್ತು ಅಂದ್ರೆ ಆ ದಿನ ಪೂರ್ತಿ ಮಾತೇ ಆಡ್ಲಿಲ್ಲ. ಪಂಚರ್ ಹಾಕೋದಕ್ಕಿಂತ ಬಾಕ್ಸ್ ಬಿಚ್ಚಿ ಮತ್ತೆ ತುಂಬಿಸೋದಕ್ಕೇ ಜಾಸ್ತಿ ಹೊತ್ತು ಹಿಡೀತು.

ಇನ್ನೂ ಒಂದಿದೆ. ಆ ನಾಬ್‌ಗಳು ಹೋಗೋ ತೂತುಗಳು ಬಾಕ್ಸಿನ ಒಳಮೈ ಗೋಡೆಯಲ್ಲಿ, ಅಂದ್ರೆ ಚಕ್ರದ ಕಡೆ ಮುಖ ಮಾಡಿ ಇರ್ತವೆ. ಮಳೇಲಿ ಹಿಂದಿನ ಚಕ್ರ ಕೆಸರುನೀರು ಎರಚೋದು ನೇರ ಅಲ್ಲಿಗೇ. ಹೊಸದ್ರಲ್ಲಿ ರಬ್ಬರ್ ವಾಷರ್ ತಡ್ಕೊಳ್ಳುತ್ತೆ, ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡಿದ್ರೆ ವಾಷರ್ ಸವೆದು ಅಲ್ಲಿಂದಲೇ ನೀರು ಜಿನುಗೋಕೆ ಶುರುವಾಗುತ್ತೆ. ಮುಚ್ಚಳದ ಗ್ಯಾಸ್ಕೆಟ್ ಎಷ್ಟು ಚೆನ್ನಾಗಿದ್ರೇನು, ನೀರು ಬರ್ತಿರೋದೇ ಕೆಳಗಡೆಯಿಂದ. ಮಾರಿದೋರಿಗೆ ಫೋನ್ ಮಾಡಿ ಕೇಳಿದ್ರೆ ಹೊರಗಡೆಯಿಂದ ಬಿಚ್ಚೋ ಕ್ವಿಕ್ ರಿಲೀಸ್ ಕಿಟ್ ಬೇರೆ ಇದೆ, ಅದನ್ನ ತಗೊಳ್ಳಿ ಅಂದ್ರು. ಅದಕ್ಕೆ ಬೇರೆ ದುಡ್ಡು, ಹಳೇ ತೂತು ಮುಚ್ಚಿ ಹೊಸ ತೂತು ಕೊರೀಬೇಕು. ಅಷ್ಟು ದುಬಾರಿ ಬಾಕ್ಸಿಗೆ ಡ್ರಿಲ್ ಇಡೋಕೆ ನನ್ನ ಮನಸ್ಸು ಒಪ್ಪಲಿಲ್ಲ, ಮಾರಿದೆ.

ಎಲ್ಲಾ ಅಲ್ಯೂಮಿನಿಯಂ ಬಾಕ್ಸೂ ಹಿಂಗೇ ಅಂತ ಹೇಳ್ತಿಲ್ಲ, ಹೊರಗಡೆ ಲಿವರ್ ಇರೋವೂ ಬರ್ತವೆ, ರೇಟ್ ಮೇಲೆ ಹೋಗುತ್ತೆ ಅಷ್ಟೇ. ತಗೊಳ್ಳೋ ಮುಂಚೆ ಅಂಗಡಿಯಲ್ಲೇ ಬಾಕ್ಸ್ ತುಂಬಾ ಏನಾದ್ರೂ ತುಂಬಿಸಿ, ಹಂಗೇ ಬಿಚ್ಚಿ ಕೊಡಿ ಅಂತ ಕೇಳಿ.

ಈಗಿರೋ ಪ್ಲಾಸ್ಟಿಕ್ ಜೋಡಿಗೆ ಬರ್ತೀನಿ. ಬಾಕ್ಸಿನ ಕೆಳಗಿನ ಅಂಚು ರ್‍ಯಾಕಿನ ಗೂಟಗಳ ಮೇಲೆ ಕೂರುತ್ತೆ, ಮೇಲ್ಗಡೆ ಒಂದು ಲಾಕ್, ಟಕ್ ಅಂತ ಸದ್ದು ಬಂದ್ರೆ ಕೂತಿದೆ ಅಂತ, ಆಮೇಲೆ ಒಂದ್ಸಲ ಜಗ್ಗಿ ನೋಡೋದು ನನ್ನ ಅಭ್ಯಾಸ. ಬಿಚ್ಚೋಕೆ ಕೀ, ಹಿಡಿ, ಮುಗೀತು. ತುಂಬಿರೋ ಕೊಡ ಎತ್ಕೊಂಡ ಹಾಗೆ ಎರಡೂ ಕೈಯಲ್ಲಿ ಒಂದೊಂದು ಹಿಡ್ಕೊಂಡು ಲಾಡ್ಜ್ ಮೆಟ್ಲು ಹತ್ತೋದು. ಮಳೇಲಿ ಮುಚ್ಚಳ ತೆಗೆಯೋ ಪ್ರಮೇಯವೇ ಇಲ್ಲ. ಚೈನಿಗೆ ಲೂಬ್ ಹೊಡೆಯೋಕೆ, ಗಾಡಿ ತೊಳೆಯೋಕೆ, ಸರ್ವಿಸಿಗೆ ಬಿಡೋಕೆ, ಎಲ್ಲದಕ್ಕೂ ಬಾಕ್ಸ್ ಮನೇಲೇ ಇಟ್ಟು ಹೋಗ್ತೀನಿ. ಎರಡಕ್ಕೂ ಒಂದೇ ಕೀ ಬರೋ ಹಾಗೆ ಲಾಕ್ ಕೇಳಿ ತಗೊಳ್ಳಿ, ಈ ಒಂದು ಮಾತು ಮರೀಬೇಡಿ.

ಇದರಲ್ಲಿ ಕೊರತೆ ಇಲ್ಲ ಅಂತಲ್ಲ. ಪುಸ್ತಕದ ಥರ ಪಕ್ಕಕ್ಕೆ ತೆರ್‍ಕೊಳ್ಳುತ್ತೆ, ಒಳಗಡೆ ಬೆಲ್ಟ್ ಹಾಕದೇ ತೆಗೆದ್ರೆ ಸಾಮಾನು ರೋಡಿಗೆ. ಅಲ್ಯೂಮಿನಿಯಂ ಮೇಲಿಂದ ತೆಗೆಯೋದು, ಜೋಡಿಸೋಕೆ ಅದೇ ಸುಲಭ, ಜೊತೆಗೆ ಮುಚ್ಚಳದ ಮೇಲೆ ತಟ್ಟೆ ಇಟ್ಕೊಂಡು ತಿಂಡಿ ತಿನ್ನಬಹುದು, ಅದು ನಂಗೆ ಈಗಲೂ ನೆನಪಾಗುತ್ತೆ. ಬಿದ್ರೆ ಅಲ್ಯೂಮಿನಿಯಂ ಸೊಟ್ಟಗಾಗುತ್ತೆ, ಸುತ್ತಿಗೇಲಿ ಬಡಿದು ಹತ್ರ ಹತ್ರ ಸರಿ ಮಾಡ್ಬಹುದು (ಬಾಯಿ ಸೊಟ್ಟಗಾದ್ರೆ ಮುಚ್ಚಳ ಮಾತ್ರ ಮೊದಲಿನ ಹಾಗೆ ಕೂರಲ್ಲ). ಪ್ಲಾಸ್ಟಿಕ್ ಸಣ್ಣ ಏಟಿಗೆ ಗೀಚು ಬೀಳುತ್ತೆ ಅಷ್ಟೇ, ಜೋರಾಗಿ ಬಿದ್ರೆ ಒಡೆಯುತ್ತೆ, ಒಡೆದ್ರೆ ಹೊಸದೇ. ಹಳ್ಳ ಬಂದಾಗ ಗೂಟದ ಮೇಲೆ ಕಟಕಟ ಅಂತಿತ್ತು, ಸೈಕಲ್ ಟ್ಯೂಬಿನ ತುಂಡು ಸುತ್ತಿದ್ಮೇಲೆ ನಿಂತಿದೆ.

ಅಗಲದ ವಿಷ್ಯ. ಹಿಮಾಲಯನ್‌ಗೆ ಸೈಲೆನ್ಸರ್ ಬಲಗಡೆ ಮೇಲಕ್ಕೆ ಎದ್ದಿದೆ, ಹಂಗಾಗಿ ಬಲಗಡೆ ರ್‍ಯಾಕ್ ಆಚೆಗೆ ಚಾಚಲೇಬೇಕು, ಇಲ್ಲಾ ಬಾಕ್ಸಿನ ಮೂಲೆ ಕತ್ತರಿಸಿರಬೇಕು. ಕೆಲವರು ಎರಡೂ ಕಡೆ ಸಮ ಕಾಣ್ಲಿ ಅಂತ ಎಡಗಡೆಯನ್ನೂ ಅಷ್ಟೇ ಆಚೆ ತಳ್ತಾರೆ, ಅದು ಬೇಡ. ಈ ಗಾಡಿ ಹ್ಯಾಂಡಲ್ ತುದಿಯಿಂದ ತುದಿಗೆ 840 ಮಿಲಿಮೀಟರ್, ಸಂದಿಯಲ್ಲಿ ತೂರುವಾಗ ನಮ್ಮ ಕಣ್ಣು ಲೆಕ್ಕ ಹಾಕೋದು ಹ್ಯಾಂಡಲನ್ನ, ಹಿಂದೆ ಬಾಕ್ಸ್ ಅದಕ್ಕಿಂತ ಅಗಲ ಇದ್ರೆ ಮುಂದಿನದು ದಾಟಿ ಹಿಂದಿನದು ತಗಲುತ್ತೆ. ನನ್ನ ಅಲ್ಯೂಮಿನಿಯಂ ಜೋಡಿ ಟೇಪ್ ಹಿಡಿದ್ರೆ ಹತ್ರ ಹತ್ರ ಒಂದು ಮೀಟರ್ ಬರ್ತಿತ್ತು, ಪ್ಲಾಸ್ಟಿಕ್ಕು ಅದಕ್ಕಿಂತ ಒಂದು ಗೇಣು ಕಮ್ಮಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬೈಕಿಗೆ ಪ್ರವೇಶ ಇಲ್ಲ, ನಾವೆಲ್ಲಾ ಸರ್ವಿಸ್ ರೋಡೇ, ಅಲ್ಲಿ ಬಸ್ಸು, ಆಟೋ, ಟ್ರ್ಯಾಕ್ಟರ್ ಮಧ್ಯೆ ಆ ಒಂದು ಗೇಣಿನ ಬೆಲೆ ಏನು ಅಂತ ಗೊತ್ತಾಗುತ್ತೆ.

ಬಟ್ಟೆ ಬ್ಯಾಗು ಕಾಡುದಾರಿಯಲ್ಲಿ ಎರಡನ್ನೂ ಸೋಲಿಸುತ್ತೆ, ಇದನ್ನ ಒಪ್ಕೋಬೇಕು. ಹೋಂಸ್ಟೇಗಳಿಗೆ ಕೊನೇ ಒಂದೆರಡು ಕಿಲೋಮೀಟರ್ ಮಣ್ಣು ರೋಡಿರುತ್ತಲ್ಲ, ಅಲ್ಲಿ ಜಾರಿದಾಗ ಕಾಲು ಊರ್ತೀವಿ, ಗಾಡಿ ಮುಂದೆ ಹೋಗುತ್ತೆ, ಗಟ್ಟಿ ಬಾಕ್ಸ್ ಬಂದು ಮೀನಖಂಡಕ್ಕೆ ಹೊಡೆಯುತ್ತೆ ಅಥವಾ ಪಾದ ಕೆಳಗೆ ಸಿಕ್ಕಾಕ್ಕೊಳ್ಳುತ್ತೆ, ಮೂಳೆ ಮುರಿಯೋ ಅಷ್ಟು ಅಪಾಯ ಅದು. ಬಟ್ಟೆ ಬ್ಯಾಗು ಬಗ್ಗುತ್ತೆ. ಆದ್ರೆ ಸೈಲೆನ್ಸರ್ ಪಕ್ಕ ಹೀಟ್ ಶೀಲ್ಡ್ ಇಲ್ಲದೇ ಕಟ್ಟಿದ್ರೆ ಸುಟ್ಟು ಹೋಗುತ್ತೆ, ಬೀಗ ಇಲ್ಲ, ಊಟಕ್ಕೆ ನಿಲ್ಸಿದಾಗ ಒಬ್ರು ಗಾಡಿ ಕಾಯಬೇಕು, ಮಳೆ ಕವರ್ ಹಾಕೋದು ಮರೆತ್ರೆ ಕಥೆ ಮುಗೀತು. ಮಣ್ಣು ದಾರೀಲೇ ಜಾಸ್ತಿ ಓಡಿಸೋರು ಕಣ್ಮುಚ್ಕೊಂಡು ಇದನ್ನೇ ತಗೊಳ್ಳಿ. ನಾನು ಆ ಮಣ್ಣು ರೋಡ್ ಬಂದಾಗ ಹೆಂಡ್ತಿನ ಇಳಿಸಿ ಫುಟ್‌ರೆಸ್ಟ್ ಮೇಲೆ ನಿಂತು ನಿಧಾನಕ್ಕೆ ಹೋಗ್ತೀನಿ, ಕಾಲು ಕೆಳಗೆ ಇಡಲ್ಲ.

ಕರಾವಳಿ ಓಡಾಟ ಇರೋರಿಗೆ ಒಂದು ಮಾತು: ಸ್ಟೀಲ್ ಬೋಲ್ಟು, ಅಲ್ಯೂಮಿನಿಯಂ ಶೀಟು, ಮಧ್ಯೆ ಉಪ್ಪುನೀರು ಸೇರಿದ್ರೆ ಅಲ್ಯೂಮಿನಿಯಂ ತಿನ್ನೋಕೆ ಶುರುವಾಗುತ್ತೆ, ಬೋಲ್ಟ್ ಸುತ್ತ ಬಿಳೀ ಪುಡಿ ಬರುತ್ತೆ. ಒಳಗಡೆ ಪೇಂಟ್ ಇಲ್ಲದ ಬಾಕ್ಸ್ ಆದ್ರೆ ಬಟ್ಟೆಗೆ ಕಪ್ಪು ಮಸಿ ಹತ್ತುತ್ತೆ, ನನ್ನ ಒಂದು ಬಿಳಿ ಪಂಚೆ ಹಂಗೇ ಹಾಳಾಯ್ತು. ಪ್ಲಾಸ್ಟಿಕ್‌ಗೆ ಈ ಎರಡೂ ತಲೆನೋವಿಲ್ಲ.

ಫಿಟ್ಟಿಂಗ್‌ಗೆ ಬಂದ್ರೆ, ಯಾವ ಬಾಕ್ಸೇ ಇರ್ಲಿ, ಭಾರ ಹೊರೋದು ರ್‍ಯಾಕು. ಎಡ ಬಲ ಎರಡನ್ನೂ ಹಿಂದ್ಗಡೆ ಒಂದು ಅಡ್ಡ ಪಟ್ಟಿ ಜೋಡಿಸಿರಬೇಕು, ಇಲ್ದಿದ್ರೆ ಭಾರಕ್ಕೆ ಎರಡೂ ಒಳಕ್ಕೆ ಬಾಗ್ತವೆ. ಬಾಕ್ಸ್ ಆದಷ್ಟು ಮುಂದೆ, ಆದಷ್ಟು ಕೆಳಗೆ ಇರ್ಲಿ, ಹಿಂದೆ ಹೋದಷ್ಟೂ ಮುಂದಿನ ಚಕ್ರ ಹಗುರ ಆಗಿ ಹ್ಯಾಂಡಲ್ ತೇಲುತ್ತೆ. ಆದ್ರೆ ಹಿಂದೆ ಕೂರೋರ ಹಿಮ್ಮಡಿಗೆ ತಾಗ್ಬಾರದು, ಅವರನ್ನ ಕೂರಿಸ್ಕೊಂಡೇ ಅಳತೆ ನೋಡಿ. ಈ ಇಂಜಿನ್ ನಡುಕಕ್ಕೆ ಬೋಲ್ಟು ಸಡಿಲ ಆಗೇ ಆಗ್ತವೆ, ನೀಲಿ ಲಾಕ್‌ಟೈಟ್ (ಬೋಲ್ಟ್ ಸಡಿಲ ಆಗದ ಹಾಗೆ ಹಚ್ಚೋ ಅಂಟು) ಹಾಕಿ, ಮೊದಲ ನೂರು ಕಿಲೋಮೀಟರ್ ಆದ್ಮೇಲೆ ಮತ್ತೆ ಬಿಗಿ ಮಾಡಿ. ಕೆಂಪು ಬೇಡ, ಅದನ್ನ ಬಿಚ್ಚೋಕೆ ಬಿಸಿ ಕೊಡ್ಬೇಕಾಗುತ್ತೆ.

ಸೀರೆ ಗಾರ್ಡ್ ಬಿಚ್ಚಿಸಿ ಹಾಕೋ ರ್‍ಯಾಕ್ ನಮ್ಮನೆಗೆ ಬೇಡ ಅಂತ ಮೊದಲೇ ಹೇಳಿದ್ದೆ. ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ಲದ ಹಾಗೆ ಮುಚ್ಚೋ ರಕ್ಷಣೆ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲೇ ಇದೆ. ನಿಯಮ ಆಚೆ ಇಡಿ, ಬಾಕ್ಸ್ ಮನೇಲಿಟ್ಟು ಬರೀ ರ್‍ಯಾಕಲ್ಲಿ ಅಮ್ಮನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗೋ ದಿನ ಸೆರಗು ಚಕ್ರಕ್ಕೆ ಸಿಗ್ಬಾರ್ದಲ್ವಾ.

ತುಂಬೋದ್ರಲ್ಲಿ ನನ್ನ ಲೆಕ್ಕ ಒಂದು ಕಡೆಗೆ 10 ಕೆಜಿ ಒಳಗೆ, ಭಾರದ್ದೆಲ್ಲಾ ತಳದಲ್ಲಿ. ಬಲಗಡೆ ಬಾಕ್ಸ್ ಸೈಲೆನ್ಸರ್ ದೆಸೆಯಿಂದ ಆಚೆ ಚಾಚಿರೋದ್ರಿಂದ ಅಲ್ಲಿ ಬಟ್ಟೆ, ಎಡಗಡೆ ಟೂಲ್ಸು, ಟ್ಯೂಬು. ಟೈರಿಗೆ ಗಾಳಿ ಇಬ್ರು ಕೂರೋದಕ್ಕೆ ಕಂಪನಿ ಹೇಳಿರೋ ಅಷ್ಟು.

ದುಡ್ಡಿನ ವಿಷ್ಯಕ್ಕೆ ಬಂದ್ರೆ ನನಗೆ ಅಲ್ಯೂಮಿನಿಯಂ ರ್‍ಯಾಕ್ ಸಮೇತ 30 ಸಾವಿರದ ಆಸುಪಾಸು ಬಿದ್ದಿತ್ತು, ಪ್ಲಾಸ್ಟಿಕ್ ಜೋಡಿ ಅದಕ್ಕಿಂತ ಸ್ವಲ್ಪ ಕಮ್ಮಿ, ಭಾವನ ಬಟ್ಟೆ ಬ್ಯಾಗು ಇವುಗಳ ಮುಂದೆ ತೀರಾ ಅಗ್ಗ. ಟೂರಲ್ಲಿ ದಿನಾ ಬೇರೆ ಊರಲ್ಲಿ ತಂಗೋರು, ಹಿಂದೆ ಮನೆಯವರು ಇರೋರು, ಮಳೇಲಿ ಓಡಿಸೋರು ಪ್ಲಾಸ್ಟಿಕ್ ತಗೊಳ್ಳಿ. ಒಂದೇ ಕಡೆ ಟೆಂಟ್ ಹಾಕಿ ನಾಲ್ಕು ದಿನ ಇರೋರು, ಅಡುಗೆ ಸಾಮಾನು ಒಯ್ಯೋರು, ಟ್ಯೂಬ್‌ಲೆಸ್ ಗಾಡಿ ಇರೋರು ಅಲ್ಯೂಮಿನಿಯಂ ನೋಡಬಹುದು, ಹೊರಗಡೆಯಿಂದ ಬಿಚ್ಚೋ ಲಾಕ್ ಇದ್ರೆ ಮಾತ್ರ. ಈ ತಿಂಗಳು ಪೂರ್ತಿ ದುಡ್ಡಿಲ್ಲ ಅಂದ್ರೆ ಒಳ್ಳೇ ರ್‍ಯಾಕ್ ಮಾತ್ರ ಹಾಕಿಸಿ ಅದಕ್ಕೆ ಬಟ್ಟೆ ಬ್ಯಾಗ್ ಕಟ್ಕೊಂಡು ಓಡಿಸಿ, ಬಾಕ್ಸ್ ಮುಂದಿನ ವರ್ಷ ತಗೊಂಡ್ರಾಯ್ತು, ಆದ್ರೆ ಆ ರ್‍ಯಾಕು ಮುಂದೆ ತಗೊಳ್ಳೋ ಬಾಕ್ಸಿನ ಲಾಕಿಗೆ ಹೊಂದೋ ಅಂಥದ್ದೇ ಇರ್ಲಿ.