ನಕಾಡ ಸದಸ್ಯತ್ವ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜು ಸಿಬ್ಬಂದಿ ದುಡ್ಡು ಕಟ್ಟಬೇಕೆ?

ಪಿಯುಸಿ ಮುಗಿಸಿದವರನ್ನು ಪದವಿಗೆ ಕರೆತರುವುದು, ಬಂದವರು ಅರ್ಧಕ್ಕೆ ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಇದಕ್ಕೆಂದೇ ಒಂದು ಹುದ್ದೆ ನಮ್ಮ ಕಡೆಯ ಬಹುತೇಕ ಕಾಲೇಜುಗಳಲ್ಲಿ ಇಲ್ಲ. ಪ್ರವೇಶ ಸಮಿತಿಯ ಸಂಚಾಲಕರು ಸ್ವಲ್ಪ ಮಾಡುತ್ತಾರೆ, ಸ್ಕಾಲರ್‌ಶಿಪ್ ನೋಡುವ ಗುಮಾಸ್ತರು ಸ್ವಲ್ಪ, ಮೆಂಟರ್ ಪಟ್ಟಿಯಲ್ಲಿ ಹೆಸರಿರುವ ಉಪನ್ಯಾಸಕರು ಸ್ವಲ್ಪ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯಿಂದ ಬರುವ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ದಾರಿ ಹೇಳಲು ಮನೆಯಲ್ಲಿ ಯಾರೂ ಇಲ್ಲ ಅಂದಮೇಲೆ ಆ ಹೊಣೆ ಪೂರ್ತಿ ಈ ಸಿಬ್ಬಂದಿಯ ಮೇಲೇ ಬೀಳುತ್ತದೆ. ಅವರಿಗೂ ಕಲಿಯಲು ಒಂದು ಜಾಗ ಬೇಕು. ಅಂಥ ಜಾಗ ಅಮೆರಿಕದ ವೃತ್ತಿ ಸಂಘಗಳಲ್ಲಿ, ಮುಖ್ಯವಾಗಿ ನಕಾಡ (NACADA) ಎಂಬ ಸಂಘದಲ್ಲಿ, ಸಿಗುತ್ತದೆಯೇ, ಇಲ್ಲಿಂದ ಸೇರಿದರೆ ಕೊಟ್ಟ ಹಣಕ್ಕೆ ಏನು ಬರುತ್ತದೆ ಎಂಬುದು ಈ ವಿಮರ್ಶೆಯ ವಿಷಯ.

ಈ ಕ್ಷೇತ್ರದಲ್ಲಿ ಎರಡು ಹೆಸರು ಮುಖ್ಯ. ಮೊದಲನೆಯದು ನ್ಯಾಷನಲ್ ಕಾಲೇಜ್ ಅಟೈನ್‌ಮೆಂಟ್ ನೆಟ್‌ವರ್ಕ್, ಅಂದರೆ ಎನ್‌ಕ್ಯಾನ್, 1995ರಲ್ಲಿ ಹುಟ್ಟಿದ್ದು. ಇದನ್ನು ಬದಿಗಿಡಬಹುದು. ಸಂಸ್ಥೆಗಳನ್ನು ಸದಸ್ಯರಾಗಿಸಿಕೊಳ್ಳುವ ಜಾಲ ಇದು, ಅಲ್ಲಿನ ಚರ್ಚೆಯ ಬಹುಪಾಲು ಫಾಫ್ಸಾ ಎಂಬ ಅಮೆರಿಕದ ಕೇಂದ್ರ ಸರ್ಕಾರದ ನೆರವಿನ ಅರ್ಜಿ ಮತ್ತು ಬಡ ವಿದ್ಯಾರ್ಥಿಗಳಿಗೆ ಅದೇ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಸುತ್ತ. ಕೋಲಾರದ ಕಾಲೇಜಿಗೆ ಅದರಿಂದ ಆಗಬೇಕಾದ್ದು ಕಡಿಮೆ. ಒಂದು ಉಪಾಯ ಮಾತ್ರ ಎತ್ತಿಕೊಳ್ಳುವಂಥದ್ದು: ಎಷ್ಟು ಮಕ್ಕಳು ಅರ್ಜಿ ಪೂರ್ತಿ ಮಾಡಿದರು ಎಂದು ಶಾಲೆವಾರು ಲೆಕ್ಕ ಇಟ್ಟು, ಕೊನೆಯ ದಿನಾಂಕಕ್ಕೆ ಕಾಯದೆ ಹಿಂದೆ ಉಳಿದವರನ್ನು ಹುಡುಕಿಕೊಂಡು ಹೋಗುವುದು. ನಮ್ಮ ರಾಜ್ಯದ ಸ್ಕಾಲರ್‌ಶಿಪ್ ಜಾಲತಾಣವಾದ ಎಸ್‌ಎಸ್‌ಪಿಯ ಅರ್ಜಿಗೆ ತರಗತಿವಾರು ಹೀಗೇ ವಾರಕ್ಕೊಮ್ಮೆ ಲೆಕ್ಕ ತೆಗೆದರೆ ಸಾಕು, ಸದಸ್ಯತ್ವ ಬೇಡ.

ಎರಡನೆಯದು ನಕಾಡ. ಶೈಕ್ಷಣಿಕ ಮಾರ್ಗದರ್ಶನ ಮಾಡುವವರ ಸಂಘ. 1977ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ನಡೆದ ಸಮ್ಮೇಳನದಿಂದ ಮೊದಲಾಗಿ, 1979ರಲ್ಲಿ ಸಂಘವಾಗಿ ನಿಂತು, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ನೆರಳಲ್ಲಿ ಬೆಳೆದದ್ದು. ಇಲ್ಲಿ ವ್ಯಕ್ತಿಯೊಬ್ಬರು ತಮ್ಮ ಹೆಸರಿನಲ್ಲೇ ಸೇರಬಹುದು, ಹೊರದೇಶದವರಿಗೂ ಬಾಗಿಲು ತೆರೆದಿದೆ. ವಿದ್ಯಾರ್ಥಿಗಳಿಗೆ ಕಡಿಮೆ ಶುಲ್ಕದ ವರ್ಗವಿದೆ. ಎಂ.ಎಡ್ ಅಥವಾ ಪಿಎಚ್‌.ಡಿ ಮಾಡುತ್ತಲೇ ಪಾಠ ಹೇಳುತ್ತಿರುವ ಅತಿಥಿ ಉಪನ್ಯಾಸಕರು ಮೊದಲು ಆ ವರ್ಗದ ಅರ್ಹತೆ ಓದಿಕೊಳ್ಳಲಿ.

ದುಡ್ಡು ಕಟ್ಟುವ ಮುಂಚೆ ಉಚಿತವಾಗಿ ಏನಿದೆ ಎಂದು ನೋಡಿ. ಸಂಘದ ಕ್ಲಿಯರಿಂಗ್‌ಹೌಸ್ ಎಂಬ ಲೇಖನ ಭಂಡಾರ ಎಲ್ಲರಿಗೂ ತೆರೆದಿದೆ. 2017ರ ಸಾಮರ್ಥ್ಯ ಚೌಕಟ್ಟೂ ಹಾಗೆಯೇ. ಮಾರ್ಗದರ್ಶಕರಿಗೆ ಬೇಕಾದದ್ದನ್ನು ಅದು ಮೂರು ಭಾಗ ಮಾಡುತ್ತದೆ: ಪರಿಕಲ್ಪನೆಯ ತಿಳಿವಳಿಕೆ, ಮಾಹಿತಿ, ಸಂಬಂಧ ಬೆಳೆಸುವ ಕಲೆ. ನಮ್ಮ ಮೆಂಟರ್ ತರಬೇತಿಗಳಲ್ಲಿ ಮಾಹಿತಿಯೊಂದೇ ಸಿಗುತ್ತದೆ, ಉಳಿದೆರಡಕ್ಕೆ ಸಮಯವೇ ಇರುವುದಿಲ್ಲ. ಈ ಉಚಿತ ಸಾಮಗ್ರಿಯನ್ನು ಒಂದು ಸೆಮಿಸ್ಟರ್ ಓದಿ, ಅದರಲ್ಲಿ ಒಂದನ್ನಾದರೂ ಕಾಲೇಜಿನಲ್ಲಿ ಜಾರಿಗೆ ತಂದವರು ಮಾತ್ರ ಸದಸ್ಯತ್ವದ ಕಡೆ ಹೋಗಲಿ. ಉಳಿದವರಿಗೆ ಅದು ವ್ಯರ್ಥ ಖರ್ಚು.

ಹಣ ಕಟ್ಟಿದರೆ ಸಿಗುವುದು ಸಂಶೋಧನಾ ಪತ್ರಿಕೆಯ ಹೊಸ ಸಂಚಿಕೆಗಳು, ಕಾರ್ಯಕ್ರಮಗಳಿಗೆ ರಿಯಾಯಿತಿ ಮತ್ತು ಆಯಾ ವಿಷಯದ ಸಮುದಾಯಗಳಲ್ಲಿ ಜಾಗ. ನಮ್ಮವರಿಗೆ ಬೆಲೆಬಾಳುವುದು ಈ ಕೊನೆಯದು. ಮೊದಲ ತಲೆಮಾರಿನ ವಿದ್ಯಾರ್ಥಿಗಳ ಬಗ್ಗೆ ಕೆಲಸ ಮಾಡುವವರ ಗುಂಪನ್ನು ಮೊದಲು ಆರಿಸಿಕೊಳ್ಳಿ. ಎಲ್ಲ ಗುಂಪಿಗೂ ಸೇರಿದರೆ ಮೇಲ್ ಪೆಟ್ಟಿಗೆ ತುಂಬಿ, ತಿಂಗಳೊಳಗೆ ಯಾವುದನ್ನೂ ಓದದ ಸ್ಥಿತಿ ಬರುತ್ತದೆ. ನೇರ ವೆಬಿನಾರ್‌ಗಳನ್ನು ನಂಬಿಕೊಂಡು ಸೇರಬೇಡಿ. ಕಾನ್ಸಾಸ್‌ನಲ್ಲಿ ಮಧ್ಯಾಹ್ನ 2 ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ 12.30, ಚಳಿಗಾಲದಲ್ಲಿ 1.30. ಧ್ವನಿಮುದ್ರಿಕೆ ಸಿಗುತ್ತದೆಯೇ ಎಂದು ಕೇಳಿಕೊಂಡೇ ನೋಂದಾಯಿಸಿ.

ಪಾವತಿಯಲ್ಲಿ ತೊಡಕು ಬರುವುದು ಕಾರ್ಡಿನಲ್ಲಿ. ಸಾಮಾನ್ಯ ರುಪೇ ಡೆಬಿಟ್ ಕಾರ್ಡ್ ವಿದೇಶಿ ಜಾಲತಾಣದಲ್ಲಿ ಬಹುತೇಕ ನಡೆಯುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಇದ್ದರೂ, 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟನ್ನು ನೀವೇ ಚಾಲೂ ಮಾಡಿ, ಮಿತಿ ಹಾಕಿ, ಪಾವತಿ ಮುಗಿದ ಮೇಲೆ ಮುಚ್ಚಿಬಿಡಿ. ವಿನಿಮಯ ದರದ ಮೇಲೆ ಬ್ಯಾಂಕು ಶೇ 3.5 ಹಾಕಿದರೆ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ, 100 ಡಾಲರಿಗೆ ಸುಮಾರು 4.13 ಡಾಲರ್ ಹೆಚ್ಚಾಗುತ್ತದೆ. ಬಜೆಟ್ ಟಿಪ್ಪಣಿಯಲ್ಲಿ ಇದನ್ನು ಬರೆಯದಿದ್ದರೆ ಮರುಪಾವತಿಯಲ್ಲಿ ಆ ವ್ಯತ್ಯಾಸ ನಿಮ್ಮ ಕೈಯಿಂದಲೇ ಹೋಗುತ್ತದೆ. ರಸೀದಿ ಡಾಲರಿನಲ್ಲಿ ಇರುತ್ತದೆ, ಲೆಕ್ಕಪತ್ರ ವಿಭಾಗ ರೂಪಾಯಿ ಕೇಳುತ್ತದೆ. ಆದ್ದರಿಂದ ರಸೀದಿಯ ಜೊತೆ ಕಾರ್ಡ್ ಸ್ಟೇಟ್‌ಮೆಂಟಿನ ಆ ಪುಟವನ್ನೂ ಲಗತ್ತಿಸಿ.

ಖಾತೆ ತೆರೆಯುವಾಗ ಕಾಲೇಜಿನ ಕಚೇರಿ ಮೇಲ್ ಕೊಡಬೇಡಿ. ಪ್ರಾಂಶುಪಾಲರು ವರ್ಗವಾಗಿ ಹೋದರೆ ಪಾಸ್‌ವರ್ಡೂ ಅವರೊಂದಿಗೇ ಹೋಗುತ್ತದೆ. ಸ್ವಂತ ಮೇಲ್ ಕೊಡಿ. ಸದಸ್ಯತ್ವ ಮುಗಿಯುವ ದಿನಾಂಕ, ತಾನಾಗಿ ನವೀಕರಣ ಆಗುವ ಆಯ್ಕೆ ಇವೆರಡನ್ನೂ ಹಣ ಕಟ್ಟುವ ದಿನವೇ ನೋಡಿಡಿ.

ಕಾಲೇಜಿನಿಂದ ಹಣ ಕೇಳಲು ಒಂದು ಗಟ್ಟಿ ಆಧಾರವಿದೆ, ಆದರೆ ಅದನ್ನು ಬಳಸಿಕೊಳ್ಳುವವರು ಕಡಿಮೆ. ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಕೈಪಿಡಿಯ 6.3.2ನೇ ಅಂಶ, ಸಮ್ಮೇಳನಗಳಿಗೆ ಹೋಗಲು ಮತ್ತು ವೃತ್ತಿ ಸಂಘಗಳ ಸದಸ್ಯತ್ವ ಶುಲ್ಕಕ್ಕೆ ಅಧ್ಯಾಪಕರಿಗೆ ಕೊಟ್ಟ ನೆರವನ್ನು ಎಣಿಸುತ್ತದೆ. ಕಾಲೇಜಿನ ಗುಣಮಟ್ಟ ಕೋಶದ (ಐಕ್ಯೂಎಸಿ) ಸಂಚಾಲಕರಿಗೆ ಅರ್ಜಿ ಕೊಡುವಾಗ ಈ ಸಂಖ್ಯೆಯನ್ನೇ ಬರೆಯಿರಿ. ಮೆಂಟರ್ ಕೆಲಸದ ದಾಖಲೆ ಐದನೇ ಮಾನದಂಡಕ್ಕೆ, ಅಂದರೆ ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿಗೆ, ಒದಗುತ್ತದೆ ಎಂದೂ ಸೇರಿಸಿ. ನೋವಿನ ಸಂಗತಿ ಎಂದರೆ 6.3.2 ಎಣಿಸುವುದು ಅಧ್ಯಾಪಕರನ್ನು ಮಾತ್ರ. ದಿನವಿಡೀ ಮಕ್ಕಳ ಅರ್ಜಿಯಲ್ಲೇ ಮುಳುಗಿರುವ ಕಚೇರಿ ಸಿಬ್ಬಂದಿ ಅದರಲ್ಲಿ ಬರುವುದಿಲ್ಲ. ಅವರಿಗಾಗಿ ಆಡಳಿತ ಮಂಡಳಿಯನ್ನು ಪ್ರತ್ಯೇಕವಾಗಿ ಕೇಳಬೇಕು, ಕೇಳಲೇಬೇಕು.

ಸಂಘದ ಸಾಹಿತ್ಯದಲ್ಲಿ ನಮಗೆ ನಿಜವಾಗಿ ಒದಗುವುದು ಯಾವುದು? ಅಮೆರಿಕದ ಶಿಕ್ಷಣತಜ್ಞ ಟೆರ್ರಿ ಓ'ಬ್ಯಾನಿಯನ್ 1972ರಲ್ಲಿ ಕೊಟ್ಟ ಐದು ಹೆಜ್ಜೆಗಳು ಇಂದಿಗೂ ಮೊದಲ ಪಾಠ: ಬದುಕಿನ ಗುರಿ, ಉದ್ಯೋಗದ ಗುರಿ, ಕೋರ್ಸ್ ಆಯ್ಕೆ, ವಿಷಯಗಳ ಆಯ್ಕೆ, ವೇಳಾಪಟ್ಟಿ. ಅಮೆರಿಕದ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್ ಹೊಸ ವಿಷಯ ಆರಿಸಿಕೊಳ್ಳುತ್ತಾನೆ, ಹಾಗಾಗಿ ಅಲ್ಲಿನ ಲೇಖನಗಳಲ್ಲಿ ಕೊನೆಯ ಎರಡು ಹೆಜ್ಜೆಗೆ ತುಂಬಾ ಜಾಗ. ತುಮಕೂರು ವಿಶ್ವವಿದ್ಯಾಲಯ ಅಥವಾ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪ್ರವೇಶದ ಜಾಲತಾಣವಾದ ಯುಯುಸಿಎಂಎಸ್‌ನಲ್ಲಿ ಕಾಂಬಿನೇಷನ್ ಒತ್ತಿದ ಕ್ಷಣಕ್ಕೆ ಬಹುಪಾಲು ನಿರ್ಧಾರ ಮುಗಿದಿರುತ್ತದೆ. ಆಮೇಲೆ ಮೆಂಟರ್ ಕೂರಿಸಿಕೊಂಡು ಬದುಕಿನ ಗುರಿ ಕೇಳಿದರೆ ಏನು ಬಂತು? ಮೊದಲ ಮೂರು ಹೆಜ್ಜೆಗಳನ್ನು ದ್ವಿತೀಯ ಪಿಯುಸಿಯ ಡಿಸೆಂಬರಿಗೇ, ಪಿಯು ಕಾಲೇಜಿಗೇ ಹೋಗಿ ಮಾಡಬೇಕು. ಅಲ್ಲಿನವರ ಚೌಕಟ್ಟನ್ನು ಹೀಗೆ ಮುರಿದು ಕಟ್ಟಿಕೊಳ್ಳದೆ ಹಾಗೆಯೇ ಇಳಿಸಿದರೆ ಫಾರಂ ತುಂಬುವ ಕೆಲಸ ಒಂದು ಹೆಚ್ಚಾಗುತ್ತದೆ, ಅಷ್ಟೇ.

ಇನ್ನೊಂದು, ವಿದ್ಯಾರ್ಥಿ ಬರಲಿ ಎಂದು ಕಾಯದೆ ನಾವೇ ಮುಂದಾಗಿ ಕರೆಯುವ ಪದ್ಧತಿ. ನಮ್ಮಲ್ಲಿ ಶೇ 75 ಹಾಜರಾತಿ ಇಲ್ಲದವರ ಪಟ್ಟಿ ನೋಟಿಸ್ ಬೋರ್ಡಿಗೆ ಬರುವ ಹೊತ್ತಿಗೆ ಸರಿಪಡಿಸುವ ಕಾಲ ದಾಟಿರುತ್ತದೆ. ಮೂರನೇ ವಾರದ ಹಾಜರಾತಿ, ಮೊದಲ ಆಂತರಿಕ ಪರೀಕ್ಷೆಯ ಅಂಕ, ಬಸ್ ಪಾಸ್ ಆಯಿತೇ ಇಲ್ಲವೇ, ಈ ಮೂರನ್ನು ಒಂದೇ ಹಾಳೆಯಲ್ಲಿ ಇಟ್ಟು ನೋಡಿ. ಎರಡರಲ್ಲಿ ತೊಂದರೆ ಇರುವವರನ್ನು ಆ ವಾರವೇ ಕರೆದು ಮಾತಾಡಿಸಿ. ಗೈರುಹಾಜರಿ ಯಾಕೆ ಎಂದು ಶುರು ಮಾಡಿದರೆ ಮಗು ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಮನೆಯಿಂದ ಎಷ್ಟು ಗಂಟೆಗೆ ಹೊರಡುತ್ತೀಯಮ್ಮ ಎಂದು ಕೇಳಿದರೆ ಹಾಲು ಕರೆಯುವ ಕೆಲಸ, ತಪ್ಪುವ ಬಸ್ಸು, ಎಲ್ಲ ಹೊರಬರುತ್ತದೆ. ಇಂಥ ಮಾತುಕತೆ ನಡೆಸುವ ಬಗೆಯನ್ನು ನಕಾಡದ ಬರಹಗಳು ಚೆನ್ನಾಗಿ ಕಲಿಸುತ್ತವೆ. ಶುಲ್ಕಕ್ಕೆ ಅರ್ಥ ಬರುವುದು ಇಲ್ಲಿ.

ಸ್ಕಾಲರ್‌ಶಿಪ್ ವಿಷಯಕ್ಕೆ ಮಾತ್ರ ಈ ಸದಸ್ಯತ್ವ ಒಂದು ಪೈಸೆಯಷ್ಟೂ ಸಹಾಯ ಮಾಡದು, ಮತ್ತು ನಮ್ಮ ಮಕ್ಕಳು ಓದು ಬಿಡಲು ಹಣವೇ ದೊಡ್ಡ ಕಾರಣಗಳಲ್ಲೊಂದು. ಆಧಾರ್‌ನ ಹೆಸರಿಗೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಇನಿಷಿಯಲ್ ಹೊಂದದೆ ಅರ್ಜಿ ನಿಲ್ಲುತ್ತದೆ. ಐದು ವರ್ಷದ ಅವಧಿ ಮುಗಿದ ಆದಾಯ ಪತ್ರದ ಆರ್‌ಡಿ ಸಂಖ್ಯೆ ಕೊಟ್ಟು ನಿಲ್ಲುತ್ತದೆ. ಕಾಲೇಜಿನ ಇ-ದೃಢೀಕರಣ ಅಧಿಕಾರಿ ಲಾಗಿನ್ ಆಗದೆ ನಿಲ್ಲುತ್ತದೆ. ಎಲ್ಲ ಸರಿಯಾಗಿ ಮಂಜೂರಾದ ಮೇಲೂ, ಮಗು ಹೇಳಿದ ಖಾತೆ ಒಂದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ನಕ್ಷೆಯಲ್ಲಿ ಆಧಾರ್‌ಗೆ ಜೋಡಣೆಯಾಗಿರುವ ಬ್ಯಾಂಕು ಇನ್ನೊಂದು ಆಗಿರುತ್ತದೆ. ಹಣ ಹೋಗುವುದು ಎನ್‌ಪಿಸಿಐ ತೋರಿಸುವ ಖಾತೆಗೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಅದು ಬಿದ್ದಿರುತ್ತದೆ, ಹಣ ಬರಲಿಲ್ಲ ಎಂದು ಮಗು ಅಳುತ್ತಿರುತ್ತದೆ. ಇವನ್ನೆಲ್ಲ ಬಲ್ಲವರು ಪಕ್ಕದ ಕಾಲೇಜಿನ ಗುಮಾಸ್ತರೇ ಹೊರತು ಕಾನ್ಸಾಸ್‌ನವರಲ್ಲ.

ಆದ್ದರಿಂದ ನಕಾಡ ಸೇರುವವರು ಜೊತೆಗೆ ತಾಲ್ಲೂಕು ಮಟ್ಟದಲ್ಲಿ ಒಂದು ಬಳಗವನ್ನೂ ಕಟ್ಟಿಕೊಳ್ಳಲಿ. ಪ್ರತಿ ಕಾಲೇಜಿನಿಂದ ಒಬ್ಬರು ಕಚೇರಿ ಸಿಬ್ಬಂದಿ, ಒಬ್ಬರು ಮೆಂಟರ್. ತಿಂಗಳಿಗೊಂದು ಶನಿವಾರ ಮಧ್ಯಾಹ್ನ. ಮೊದಲ ಅರ್ಧ ಗಂಟೆ ಆ ತಿಂಗಳು ತಿರಸ್ಕೃತವಾದ ಅರ್ಜಿಗಳ ಕಾರಣಗಳಿಗೆ, ಉಳಿದ ಸಮಯ ನಕಾಡದ ಒಂದು ಲೇಖನವನ್ನು ಕನ್ನಡದಲ್ಲಿ ಹೇಳಿ ಚರ್ಚಿಸಲು. ಹತ್ತು ಜನ ಒಬ್ಬೊಬ್ಬರೂ ಶುಲ್ಕ ಕಟ್ಟುವ ಬದಲು ಒಬ್ಬರು ಸೇರಿ, ಓದಿದ್ದನ್ನು ತಂದು ಹೇಳಿದರೆ ಸಾಕು. ಲಾಗಿನ್ ಹಂಚಿಕೊಳ್ಳುವುದು ಮಾತ್ರ ಬೇಡ, ಸದಸ್ಯತ್ವ ಇರುವುದು ಒಬ್ಬರ ಹೆಸರಿನಲ್ಲಿ. ಬಳಗಕ್ಕೆ ಬ್ಯಾಂಕ್ ಖಾತೆ ಬೇಕೆನಿಸಿದಾಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು, ಅದಕ್ಕೆ ಕನಿಷ್ಠ ಏಳು ಜನ ಬೇಕು. ಸರ್ಕಾರಿ ಕಾಲೇಜಿನವರು ಪದಾಧಿಕಾರಿ ಆಗುವ ಮುಂಚೆ ಇಲಾಖೆಯ ಅನುಮತಿ ಬೇಕೇ ಎಂದು ಬರಹದಲ್ಲಿ ಕೇಳಿಕೊಳ್ಳಲಿ.